ಈ ಹುಳು ಯಾವ ಒಕ್ಕದ್ದು?

(ಮಳೆಗಾಲದ ಒಂದು ಸಂಜೆ ಗೋಣಿಕೊಪ್ಪದಲ್ಲಿ ಕಾಫಿ ಬೆಳೆಗಾರರು, ಮೇಷ್ಟ್ರುಗಳು, ಶಾಲೆಯ ಮಕ್ಕಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ. ಒಕ್ಕ ಎಂದರೆ ಕೊಡವರಲ್ಲಿ ಒಬ್ಬ ಮೂಲಪುರುಷನಿಂದ ಬಂದ ಮನೆತನ.)

ಎಲ್ಲರಿಗೂ ನಮಸ್ಕಾರ. ಮಕ್ಕಳ ಕಣ್ಣೆಲ್ಲ ಮೇಜಿನ ಮೇಲಿರುವ ಈ ವಸ್ತುವಿನ ಮೇಲೇ ಇದೆ, ಆದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. ಇದೊಂದು ತಗಡಿನ ಆಲಿಕೆ. ಒಳಗೆ ಜಾಲರಿ ಇದೆ. ಜಾಲರಿಯ ಮೇಲೆ, ಇವತ್ತು ಬೆಳಿಗ್ಗೆ ತಿತಿಮತಿ ರಸ್ತೆಯ ಒಂದು ತೋಟದಲ್ಲಿ ಹಲಸಿನ ಮರದ ಬುಡದಿಂದ ಕೆರೆದು ತಂದ ಕೊಳೆತ ಎಲೆ. ಮೇಲೆ ಬಲ್ಬು, ಕೆಳಗೆ ಸ್ಪಿರಿಟ್ ತುಂಬಿದ ಸಣ್ಣ ಬಾಟಲಿ. ಬಲ್ಬಿನ ಬಿಸಿಗೆ ಎಲೆ ಮೇಲಿಂದ ಒಣಗುತ್ತಾ ಬರುತ್ತದೆ, ಒಳಗಿರುವ ಜೀವಗಳು ತೇವ ಹುಡುಕುತ್ತಾ ಕೆಳಗಿಳಿದು ಬಾಟಲಿಗೆ ಬೀಳುತ್ತವೆ. ಇಟಲಿಯ ಬರ್ಲೀಸೆ 1905ರಲ್ಲಿ ಬಿಸಿನೀರಿನ ಶಾಖ ಬಳಸಿ ಮಾಡಿದ ಉಪಾಯ ಇದು. ಆಮೇಲೆ ಸ್ವೀಡನ್ನಿನ ಟುಲ್‌ಗ್ರೆನ್ ಬಿಸಿನೀರಿನ ಬದಲು ಬಲ್ಬು ಇಟ್ಟ. ಬೆಳಿಗ್ಗೆ ಹನ್ನೊಂದಕ್ಕೆ ಹಚ್ಚಿದ್ದೇನೆ. ಕರೆಂಟು ಎರಡು ಸಲ ಹೋಗಿ ಬಂತು, ಆದರೂ ಏನಾದರೂ ಬಿದ್ದಿರುತ್ತದೆ. ಮಾತು ಮುಗಿದ ಮೇಲೆ ನೋಡೋಣ.

ನಮ್ಮ ತೋಟ ಸೋಮವಾರಪೇಟೆ ಕಡೆ. ಅಪ್ಪನಿಗೆ ಅರೇಬಿಕಾ ಎಂದರೆ ಪ್ರಾಣ. ಒಂದು ವರ್ಷ ಗಿಡಗಳು ಅಲ್ಲಲ್ಲಿ ಹಳದಿಯಾಗಿ ಬಾಡತೊಡಗಿದವು. ತೊಗಟೆಯ ಮೇಲೆ ಬಳ್ಳಿ ಸುತ್ತಿದಂತೆ ಉಬ್ಬುಗೆರೆಗಳು. ಅಪ್ಪ ಪೇಟೆಗೆ ಹೋಗಿ "ಬೋರರ್ ಬಂದಿದೆ" ಎಂದರು, ಅಂದರೆ ಕೊರೆಯುವ ಹುಳು. ಅಂಗಡಿಯವರು ಬೋರರ್‌ಗೆ ಅಂತ ಬಲೆಯ ಬಾಟಲಿಗಳನ್ನು ಕೊಟ್ಟರು. ಗಿಡಗಿಡಕ್ಕೆ ಕಟ್ಟಿದೆವು. ವಾರಕ್ಕೊಮ್ಮೆ ಬಿಚ್ಚಿ ನೋಡಿದರೆ ಎಳ್ಳಿಗಿಂತ ಚಿಕ್ಕ ಕಪ್ಪು ಹುಳುಗಳು ಬಾಟಲಿಯ ತಳದಲ್ಲಿ ಸತ್ತುಬಿದ್ದಿರುತ್ತಿದ್ದವು. ಬಲೆ ಕೆಲಸ ಮಾಡುತ್ತಿದೆ ಎಂದು ಅಪ್ಪ ನಂಬಿದರು. ಗಿಡಗಳು ಸಾಯುವುದು ಮಾತ್ರ ನಿಲ್ಲಲಿಲ್ಲ. ಎರಡು ವರ್ಷದಲ್ಲಿ ಇಳಿಜಾರಿನ ಒಂದು ಇಡೀ ಪಟ್ಟಿ ಕಿತ್ತು ಸುಡಬೇಕಾಯಿತು. ನಾನಾಗ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ, ನನಗೂ ಹೊಳೆಯಲಿಲ್ಲ. ಆ ಬಾಟಲಿ ಕಾಯಿಕೊರಕಕ್ಕೆ ಮಾಡಿದ್ದು, ನಮ್ಮ ಗಿಡ ತಿನ್ನುತ್ತಿದ್ದುದು ಕಾಂಡಕೊರಕ. ನಮ್ಮ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು.

ಇದು ಬರೀ ನಮ್ಮ ಮನೆಯ ಕಥೆಯಲ್ಲ, ಕೊಡಗಿನ ಹಳೆಯ ಕಥೆ. 1860ರ ದಶಕದಲ್ಲಿ ಇಲ್ಲಿನ ತೋಟಗಳು ಕಾಂಡಕೊರಕದಿಂದ ಹಾಳಾದಾಗ ಮದರಾಸು ಸರ್ಕಾರ ಜಾರ್ಜ್ ಬಿಡಿ ಎಂಬ ವೈದ್ಯನನ್ನು ತನಿಖೆಗೆ ಕಳಿಸಿತು. ಅವನ ವರದಿ 1869ರಲ್ಲಿ ಅಚ್ಚಾಯಿತು. ಆ ಹೊತ್ತಿಗೆ ಪ್ಲಾಂಟರುಗಳ ಬಾಯಲ್ಲಿ ಅದು ಬರೀ "ಬೋರರ್". ಫ್ರಾನ್ಸಿನಲ್ಲಿ ಕೂತಿದ್ದ ಷೆವ್ರೊಲಾ ಎಂಬುವನು 1863ರಲ್ಲೇ ಅದಕ್ಕೆ ಒಂದು ಹೆಸರು ಕೊಟ್ಟಿದ್ದ: ಕ್ಸೈಲೊಟ್ರೆಕಸ್ ಕ್ವಾಡ್ರಿಪೆಸ್. ಎರಡನೆಯ ಪದದ ಅರ್ಥ "ನಾಲ್ಕು ಕಾಲಿನದು". ಎಣಿಸಿ ನೋಡಿದರೆ ಕಾಲು ಆರೇ! ಹಾಗಿದ್ದರೂ ಹೆಸರು ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಪ್ರಾಣಿಗಳ ಹೆಸರಿಗೆ ಒಂದು ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಸರಿಯಾಗಿ ಪ್ರಕಟವಾದ ಮೊದಲ ಹೆಸರಿಗೇ ಹಕ್ಕು; ಅರ್ಥ ಹೊಂದುವುದಿಲ್ಲ ಎಂಬ ಕಾರಣಕ್ಕೆ ಅದನ್ನು ತೆಗೆಯುವಂತಿಲ್ಲ. ನಮ್ಮಲ್ಲಿ ಕರಿಯಪ್ಪ ಅಂತ ಹೆಸರಿಟ್ಟ ಮಗು ಬೆಳ್ಳಗೆ ಬೆಳೆದರೆ ಹೆಸರು ಬದಲಿಸುತ್ತೇವೆಯೇ? ಹೆಸರು ಇರುವುದು ವರ್ಣನೆಗಲ್ಲ, ಗುರುತಿಗೆ.

ಈಗ ನಮ್ಮ ತೋಟದ ಮೂರು ಬೋರರ್‌ಗಳನ್ನು ಪಕ್ಕಪಕ್ಕ ಇಡಿ. ಅರೇಬಿಕಾ ಕಾಂಡ ಕೊರೆಯುವುದು ಒಂದು, ಕಾಯಿ ಕೊರೆಯುವುದು ಇನ್ನೊಂದು, ರೊಬಸ್ಟಾದ ಎಳೆ ರೆಂಬೆಯಲ್ಲಿ ತೂತು ಮಾಡುವ ಶಾಟ್‌ಹೋಲ್ ಬೋರರ್ ಮೂರನೆಯದು. ಮೂರೂ ಮುಂದಿನ ರೆಕ್ಕೆ ಗಟ್ಟಿಯಾಗಿರುವ, ಕೋಲಿಯೊಪ್ಟೆರ ಗಣದವು; ಗಣ ಎಂದರೆ ಹಲವು ಕುಟುಂಬಗಳು ಸೇರಿದ ದೊಡ್ಡ ಗುಂಪು. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಕಾಂಡಕೊರಕ ಉದ್ದ ಮೀಸೆಯ ಸೆರಂಬಿಸಿಡೆ ಕುಟುಂಬದ್ದು. ಉಳಿದೆರಡು ಅದಕ್ಕೆ ದೂರ, ಒಂದಕ್ಕೊಂದು ಹತ್ತಿರ. ಎರಡೂ ಮೂತಿಹುಳುಗಳ ಕುಟುಂಬದೊಳಗಿನ ಸ್ಕೊಲಿಟಿನೆ ಎಂಬ ಒಂದೇ ಕವಲಿನವು. ಅದಕ್ಕೇ ಬಲೆಯ ಬಾಟಲಿಯ ಆಲ್ಕೋಹಾಲ್ ವಾಸನೆಗೆ ಆ ಎರಡೂ ಬರುತ್ತವೆ, ಕಾಂಡಕೊರಕ ಬರುವುದಿಲ್ಲ. ಅದು ಬಿಸಿಲಿನ ಹುಳು. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಾರುತ್ತದೆ. ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಅದಕ್ಕೆ ಮದ್ದು ಎಂದರೆ ನೆರಳು ಉಳಿಸುವುದು, ತೊಗಟೆ ಉಜ್ಜಿ ನಯ ಮಾಡುವುದು, ಸುಣ್ಣ ಬಳಿಯುವುದು, ತಗುಲಿದ ಗಿಡ ಕಿತ್ತು ಸುಡುವುದು. ಕಾಯಿಕೊರಕದ ಹೆಣ್ಣು ಕಾಯಿಯ ಹೊಕ್ಕುಳಿನಲ್ಲಿ ತೂತು ಕೊರೆದು ಒಳಗೆ ಸಂಸಾರ ಹೂಡುತ್ತದೆ. ಗಂಡಿಗೆ ಹಾರಲೂ ಬರುವುದಿಲ್ಲ. ಅದು ಆಫ್ರಿಕಾ ಮೂಲದ್ದು, ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅದನ್ನು ತಡೆಯುವ ದಾರಿ, ಬಿದ್ದ ಕಾಯಿಯನ್ನೆಲ್ಲ ಹೆಕ್ಕಿ ತೋಟ ಚೊಕ್ಕ ಮಾಡುವುದು.

ಇವತ್ತು ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ಹುಳುವನ್ನು ಅದು ಮಾಡುವ ಹಾನಿಯಿಂದ, ಬಣ್ಣದಿಂದ, ಗಾತ್ರದಿಂದ ಹೆಸರಿಸಿದರೆ ಅದು ಯಾರೆಂದು ತಿಳಿಯುವುದಿಲ್ಲ. ಯಾರ ಸಂತತಿ ಎಂದು ಕೇಳಬೇಕು. ಕೊಡಗಿನಲ್ಲಿ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಇಲ್ಲಿ ಹೊಸಬರನ್ನು ಕಂಡರೆ ಮೊದಲು ಕೇಳುವುದೇ ಅದನ್ನು: ಯಾವ ಒಕ್ಕ? ನಾನು ಕೊಡವನಲ್ಲ, ಆದರೆ ದಕ್ಷಿಣ ಕೊಡಗಿನಲ್ಲಿ ಬಹಳ ವರ್ಷ ಪಾಠ ಮಾಡಿದವನು. ಹಾಜರಿ ಪುಸ್ತಕ ಓದುವಾಗಲೆಲ್ಲ ನನಗೆ ಲಿನೇಯಸ್ ನೆನಪಾಗುತ್ತಿದ್ದ. ಸ್ವೀಡನ್ನಿನ ಆ ಸಸ್ಯಶಾಸ್ತ್ರಜ್ಞ 1758ರಲ್ಲಿ ತನ್ನ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟ. ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ಕೊಡವರ ಹೆಸರಿನಲ್ಲೂ ಮನೆಪೆದ, ಅಂದರೆ ಒಕ್ಕದ ಹೆಸರು, ಮೊದಲು, ಸ್ವಂತ ಹೆಸರು ಆಮೇಲೆ. ಕೊಡಂದೇರ ಕಾರ್ಯಪ್ಪ, ಕೊಡಂದೇರ ತಿಮ್ಮಯ್ಯ: ಒಬ್ಬರು 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು, ಇನ್ನೊಬ್ಬರು 1957ರಲ್ಲಿ ಸೇನಾ ಮುಖ್ಯಸ್ಥರಾದರು. ಹೆಸರಿನ ಮೊದಲ ಭಾಗ ಓದಿದ ಕೂಡಲೇ ಇಬ್ಬರೂ ಒಂದೇ ಒಕ್ಕ ಎಂದು ತಿಳಿಯುತ್ತದೆ. ಹಾಗೆಯೇ ಏಪಿಸ್ ಡಾರ್ಸೇಟ ಎಂದರೆ ಹೆಜ್ಜೇನು, ಏಪಿಸ್ ಸೆರಾನ ಎಂದರೆ ತುಡುವೆ, ಏಪಿಸ್ ಫ್ಲೋರಿಯ ಎಂದರೆ ಕೋಲ್ಜೇನು. ಒಕ್ಕದ ಹೆಸರುಗಳು ಬಹಳಷ್ಟು -ಅಂಡ, -ಏರ, -ಮಾಡ ಎಂದು ಕೊನೆಯಾಗುವಂತೆ ಪ್ರಾಣಿ ಕುಟುಂಬದ ಹೆಸರುಗಳೆಲ್ಲ -ಇಡೆ ಎಂದು ಕೊನೆಯಾಗುತ್ತವೆ: ಜೇನು ಏಪಿಡೆ, ಇರುವೆ ಫಾರ್ಮಿಸಿಡೆ.

1997ರಲ್ಲಿ ಕರಡದಲ್ಲಿ ಶುರುವಾದ, ಕೊಡವ ಒಕ್ಕಗಳ ನಡುವಿನ ಹಾಕಿ ಹಬ್ಬವನ್ನೇ ನೋಡಿ. ತಂಡ ಕಟ್ಟುವಾಗ ಎತ್ತರದವರೆಲ್ಲ ಒಂದು ಕಡೆ, ಕುಳ್ಳರೆಲ್ಲ ಇನ್ನೊಂದು ಕಡೆ ಎಂದು ಮಾಡುವುದಿಲ್ಲ. ಬೆಂಗಳೂರಿನಲ್ಲಿರುವವರು, ವಿದೇಶದಿಂದ ಬಂದವರು, ಮುಖ ಹೋಲದವರು ಎಲ್ಲ ಒಂದೇ ಒಕ್ಕವಾದರೆ ಒಂದೇ ತಂಡ. ಕೀಟಗಳ ವರ್ಗೀಕರಣ ಇನ್ನೂರ ಅರವತ್ತು ವರ್ಷ ಮುಗ್ಗರಿಸಿ, ಎದ್ದು, ಕೊನೆಗೆ ಬಂದು ನಿಂತದ್ದು ಇದೇ ಜಾಗದಲ್ಲಿ.

ನಮ್ಮ ಕನ್ನಡದ ಹೆಸರುಗಳು ಸಾಲವೇ ಎಂದು ಒಬ್ಬ ಹಿರಿಯರು ಕೇಳಿದರು. ಅವು ನನಗೆ ಬಹಳ ಪ್ರೀತಿಯವು, ಆದ್ದರಿಂದಲೇ ಬಿಡಿಸಿ ಹೇಳುತ್ತೇನೆ. ಪಠ್ಯಪುಸ್ತಕದಲ್ಲಿ "ಜೀರುಂಡೆ" ಎಂದರೆ ಗಟ್ಟಿ ರೆಕ್ಕೆಯ ಹುಳು. ಮಲೆನಾಡಿನಲ್ಲಿ ಜೀರುಂಡೆ ಎಂದರೆ ಮಳೆಗೆ ಮೊದಲು ಕಾಡನ್ನೆಲ್ಲ ಜೀರ್ ಎನ್ನಿಸುವ ಸಿಕಾಡ. ಸಿಕಾಡ ತಿಗಣೆಯ ನೆಂಟ, ರಸ ಹೀರುವ ಹೆಮಿಪ್ಟೆರ ಗಣದ್ದು. "ದುಂಬಿ" ಒಂದು ಊರಿನಲ್ಲಿ ಮರ ಕೊರೆಯುವ ಕಪ್ಪು ಜೇನು, ಇನ್ನೊಂದು ಊರಿನಲ್ಲಿ ಸಗಣಿ ಉರುಳಿಸುವ ಹುಳು. ಜೇನನ್ನು "ಜೇನ್ನೊಣ" ಎನ್ನುತ್ತೇವೆ, ಆದರೆ ನೊಣಕ್ಕೆ ರೆಕ್ಕೆ ಎರಡೇ. ಹಿಂದಿನ ಜೋಡಿ ಕುಗ್ಗಿ ಪುಟ್ಟ ಗುಂಡುಗಳಾಗಿ ಹಾರುವಾಗ ತೂಕ ಕಾಯುತ್ತದೆ. ಜೇನಿಗೆ ನಾಲ್ಕು ರೆಕ್ಕೆ. ಇನ್ನು ಜೇನು ಕುರುಬರು, ಯರವರು ಬಳಸುವ ಭೇದಗಳನ್ನು ನೋಡಿದರೆ ಗೌರವ ಹುಟ್ಟುತ್ತದೆ. ಹೆಜ್ಜೇನು, ತುಡುವೆ, ಕೋಲ್ಜೇನು, ಮಿಸರಿ ಎಂದು ಅವರು ಬೇರ್ಪಡಿಸಿದ ನಾಲ್ಕನ್ನು ಡೆನ್ಮಾರ್ಕಿನ ಫ್ಯಾಬ್ರಿಷಿಯಸ್ ಮತ್ತು ಇತರರು ಆಮೇಲೆ ಬೇರೆ ಬೇರೆ ಪ್ರಭೇದಗಳೆಂದೇ ಬರೆದರು. ಎಲ್ಲಿ ಬದುಕು ಆ ಹುಳುವಿನ ಮೇಲೆ ನಿಂತಿದೆಯೋ ಅಲ್ಲಿ ಜನರ ಹೆಸರು ಕರಾರುವಾಕ್ಕು. ಎಲ್ಲಿ ನಿಂತಿಲ್ಲವೋ ಅಲ್ಲಿ ಎಲ್ಲವೂ ಬರೀ "ಹುಳ".

ಆರು ಕಾಲಿನ ಮಾತಿಗೆ ಬರೋಣ. ಈ ಇಡೀ ಬಳಗಕ್ಕೆ ವಿಜ್ಞಾನದ ಹೆಸರು ಹೆಕ್ಸಪೋಡ. ಕನ್ನಡಕ್ಕೆ ಹೊಸ ಪದ ಹುಡುಕುವ ಅಗತ್ಯವೇ ಇಲ್ಲ, ಷಟ್ಪದಿ ಎಂಬ ಮಾತು ನಮ್ಮಲ್ಲಿ ಶತಮಾನಗಳಿಂದ ಇದೆ. ಹಳೆಯ ಕಾವ್ಯದಲ್ಲಿ ಷಟ್ಪದ ಎಂದರೆ ದುಂಬಿ. ಷಟ್ಪದಿ ಎಂದರೆ ಆರು ಪಾದದ ಪದ್ಯ. ಭಾಮಿನಿಯ ನಡಿಗೆ ನೆನಪಿಸಿಕೊಳ್ಳಿ: ಎರಡು ಗಿಡ್ಡ ಸಾಲು, ಒಂದು ಉದ್ದ ಸಾಲು, ಮತ್ತೆ ಎರಡು ಗಿಡ್ಡ, ಒಂದು ಉದ್ದ. ಮೂರು ಮತ್ತು ಮೂರು. ಇರುವೆ ನಡೆಯುವುದನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದೂ ಮೂರು ಮತ್ತು ಮೂರು. ಎಡಗಡೆಯ ಮುಂದಿನ ಕಾಲು, ಹಿಂದಿನ ಕಾಲು, ಬಲಗಡೆಯ ನಡುವಿನ ಕಾಲು ಒಟ್ಟಿಗೆ ನೆಲ ಹಿಡಿದಿರುವಾಗ ಉಳಿದ ಮೂರು ಮುಂದಕ್ಕೆ ಹೋಗುತ್ತವೆ. ಯಾವ ಕ್ಷಣದಲ್ಲೂ ಮುಕ್ಕಾಲಿ ಪೀಠದಂತೆ ಮೂರು ಕಾಲು ನೆಲದಲ್ಲಿ.

ಈ ಮಾತು ಹೇಳುತ್ತಿದ್ದಾಗಲೇ ಒಬ್ಬ ಹುಡುಗ ಬೆಂಕಿಪೆಟ್ಟಿಗೆ ಹಿಡಿದು ವೇದಿಕೆಗೇ ಬಂದ. ಮನೆಯ ನಾಯಿಯ ಕಿವಿಯಿಂದ ತೆಗೆದದ್ದು. "ಆರು ಕಾಲಿದೆ ಸಾರ್, ಇದು ಕೀಟ ಅಲ್ವಾ?" ಅಲ್ಲ. ಅದು ಉಣ್ಣೆಯ ಮರಿ. ಉಣ್ಣೆ ಜೇಡ–ಚೇಳುಗಳ ಕಡೆಯದು. ಮೊಟ್ಟೆಯಿಂದ ಬಂದಾಗ ಆರು ಕಾಲು, ಮೊದಲ ಸಲ ಪೊರೆ ಬಿಟ್ಟ ಮೇಲೆ ಎಂಟು. ಸಹಸ್ರಪದಿಗಳಲ್ಲೂ ಬಹಳಷ್ಟು ಮೊಟ್ಟೆಯಿಂದ ಹೊರಬರುವಾಗ ಮೂರೇ ಜೊತೆ ಕಾಲಿನವು. ಕಂಬಳಿಹುಳುವಿನಲ್ಲಿ ಎಣಿಸಿದರೆ ಲೆಕ್ಕ ಆರನ್ನು ಮೀರುತ್ತದೆ, ಆದರೆ ಮುಂದಿನ ಆರು ಮಾತ್ರ ಗೆಣ್ಣಿರುವ ನಿಜವಾದ ಕಾಲು. ಹಿಂದಿನವು ಹೊಟ್ಟೆಯ ಮಾಂಸದ ಹಿಡಿಕೆಗಳು, ಚಿಟ್ಟೆಯಾದಾಗ ಇರುವುದಿಲ್ಲ. ಹಾಗಾಗಿ ಲೆಕ್ಕವೊಂದೇ ಸಾಲದು. ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗ, ಎದೆಗೆ ಮಾತ್ರ ಮೂರು ಜೊತೆ ಕಾಲು: ಈ ಕಟ್ಟಡವೇ ಈ ಬಳಗದ ಗುರುತು. ಆ ಹುಡುಗನ ಪ್ರಶ್ನೆ ಬಹಳ ಒಳ್ಳೆಯದು, ಅವನಿಗೆ ಸಭೆಯಲ್ಲೇ ಹೇಳಿದೆ.

ಇನ್ನೊಂದು ತಿರುವು. ಈ ಕಟ್ಟಡ ಇರುವವೆಲ್ಲ ಕೀಟಗಳೂ ಅಲ್ಲ. ಷಟ್ಪದಿಗಳಲ್ಲಿ ಕೀಟಗಳ ಜೊತೆಗೆ ಇನ್ನೂ ಮೂರು ಪುಟ್ಟ ಬಳಗಗಳಿವೆ. ಮೂರೂ ನಮ್ಮ ಕಾಲ ಕೆಳಗೇ ಇವೆ, ಯಾವುದಕ್ಕೂ ಕನ್ನಡದಲ್ಲಿ ಮನೆಮಾತಿನ ಹೆಸರಿಲ್ಲ.

ಮೊದಲನೆಯದು ಸ್ಪ್ರಿಂಗ್‌ಟೇಲ್, ಚಿಮ್ಮುಬಾಲ ಎಂದು ಕರೆಯೋಣ. ಮಳೆ ನಿಂತ ಮೇಲೆ ಅಂಗಳದ ನೀರಿನ ಮೇಲೆ ಬೂದಿ ಉದುರಿಸಿದಂತೆ ಕಾಣುತ್ತದಲ್ಲ, ಕಡ್ಡಿ ಮುಟ್ಟಿಸಿದರೆ ಬೂದಿ ಹಾರುತ್ತದಲ್ಲ, ಅದು ಇವು. ಹೊಟ್ಟೆಯ ಕೆಳಗೆ ಮಡಚಿಟ್ಟ ಕವಲುಗೋಲೊಂದು ಕೊಂಡಿಯಿಂದ ಬಿಟ್ಟೊಡನೆ ನೆಲಕ್ಕೆ ಬಡಿದು ಇಡೀ ದೇಹವನ್ನು ಎಸೆಯುತ್ತದೆ. ಹೊಟ್ಟೆಯಡಿ ಒಂದು ಅಂಟುಕೊಳವೆಯೂ ಇದೆ, ಅದರಿಂದ ನೀರು ಹೀರುತ್ತವೆ. ಜಾನ್ ಲಬಕ್ ಇವಕ್ಕೆ ಕೊಟ್ಟ ಕೊಲೆಂಬೋಲ ಎಂಬ ಹೆಸರು ಆ ಅಂಟಿನಿಂದಲೇ ಬಂದದ್ದು. ಒಂದು ಚದರ ಮೀಟರ್ ಒಳ್ಳೆಯ ಕಾಡುಮಣ್ಣಿನಲ್ಲಿ ಹತ್ತಾರು ಸಾವಿರ ಇರುತ್ತವೆ. ಕೊಳೆತ ಎಲೆ, ಬೂಷ್ಟು ತಿಂದು ಮಣ್ಣಿಗೆ ಮರಳಿಸುವುದು ಅವುಗಳ ಕೆಲಸ. ಸ್ಕಾಟ್ಲೆಂಡಿನ ರೈನೀ ಎಂಬ ಊರಿನ ಕಲ್ಲಿನಲ್ಲಿ ಸುಮಾರು 40 ಕೋಟಿ ವರ್ಷ ಹಳೆಯ ಚಿಮ್ಮುಬಾಲ ಸಿಕ್ಕಿದೆ. ಕಾವೇರಿ ಹುಟ್ಟುವುದಕ್ಕೂ ಎಷ್ಟೋ ಮೊದಲು ಈ ಕುಪ್ಪಳಿಕೆ ಇತ್ತು.

ಎರಡನೆಯದು ಡೈಪ್ಲುರ, ಎರಡು ಬಾಲದ್ದು. ಕಣ್ಣಿಲ್ಲ, ಬಿಳಿ, ಮಣ್ಣಿನೊಳಗೇ ಬದುಕು. ಮೂರನೆಯದು ಪ್ರೊಟ್ಯುರ. ಎರಡು ಮಿಲಿಮೀಟರಿಗಿಂತ ಚಿಕ್ಕದು. ಕಣ್ಣೂ ಇಲ್ಲ, ಮೀಸೆಯೂ ಇಲ್ಲ. ಮೀಸೆ ಇಲ್ಲದ್ದಕ್ಕೆ ಮುಂದಿನ ಎರಡು ಕಾಲನ್ನು ಮೇಲೆತ್ತಿ ಹಿಡಿದು ಅದರಿಂದಲೇ ತಡಕುತ್ತಾ ಉಳಿದ ನಾಲ್ಕರಲ್ಲಿ ನಡೆಯುತ್ತದೆ. ಆರು ಕಾಲಿದ್ದೂ ನಾಲ್ಕರಲ್ಲಿ ನಡೆಯುವ ಜೀವ! ಮರಿಯಾಗಿ ಹೊರಬಂದ ಮೇಲೆ ಪೊರೆ ಬಿಟ್ಟಾಗಲೆಲ್ಲ ಹೊಟ್ಟೆಗೆ ಹೊಸ ಉಂಗುರ ಸೇರಿ ಕೊನೆಗೆ ಹನ್ನೆರಡಾಗುತ್ತವೆ. ಇಟಲಿಯ ಸಿಲ್ವೆಸ್ಟ್ರಿ 1907ರಲ್ಲಿ ವಿವರಿಸುವವರೆಗೆ ಇಂಥದೊಂದು ಇದೆ ಎಂದೇ ವಿಜ್ಞಾನಕ್ಕೆ ಗೊತ್ತಿರಲಿಲ್ಲ. ಈ ಮೂರೂ ಬಳಗಗಳಲ್ಲಿ ದವಡೆ ತಲೆಯ ಒಳಗಿನ ಚೀಲದಲ್ಲಿ ಅಡಗಿರುತ್ತದೆ. ಕೀಟಗಳಲ್ಲಿ ಹೊರಗೆ ಕಾಣುತ್ತದೆ. ಬೇಲಿ ಬಿದ್ದಿರುವುದು ಮುಖ್ಯವಾಗಿ ಅಲ್ಲಿ.

ಈಗ ಕಕ್ಕಡ, ಕೊಡವರ ಲೆಕ್ಕದ ಮಳೆಗಾಲದ ತಿಂಗಳು. ಮದ್ದುಸೊಪ್ಪಿನ ಪಾಯಸ ತಿಂದಿದ್ದೀರಿ, ಗದ್ದೆಯ ಏಡಿ ಸಾರೂ ಉಂಡಿದ್ದೀರಿ. ಆ ಏಡಿಯ ಬಗ್ಗೆ ಒಂದು ಮಾತು, ಇದು ನನಗೆ ಈ ವಿಷಯದಲ್ಲೆಲ್ಲ ಅತಿ ಇಷ್ಟವಾದ ಭಾಗ.

ಲಿನೇಯಸ್ ತನ್ನ ಕೀಟ ವರ್ಗವನ್ನು ಏಳು ಗಣವಾಗಿ ಹಂಚಿದ. ಆರನ್ನು ರೆಕ್ಕೆ ನೋಡಿ ಮಾಡಿದ: ಒರೆಯಂಥ ರೆಕ್ಕೆ, ಅರೆಗಟ್ಟಿ ರೆಕ್ಕೆ, ಹುರುಪೆ ರೆಕ್ಕೆ, ನರಬಲೆಯ ರೆಕ್ಕೆ, ಪೊರೆ ರೆಕ್ಕೆ, ಎರಡೇ ರೆಕ್ಕೆ. ಏಳನೆಯದು ರೆಕ್ಕೆ ಇಲ್ಲದ್ದು. ಆ ಏಳನೆಯ ಬುಟ್ಟಿಗೆ ಹೇನು, ಚಿಗಟ, ಚಿಮ್ಮುಬಾಲದ ಜೊತೆಗೆ ಜೇಡ, ಚೇಳು, ಶತಪದಿ, ಏಡಿ ಎಲ್ಲವನ್ನೂ ಹಾಕಿದ. ಇಲ್ಲದಿರುವುದನ್ನು ಹಿಡಿದು ಗುಂಪು ಮಾಡಿದರೆ ಹೀಗೇ ಆಗುವುದು. ಮಡಿಕೇರಿ ಸಂತೆಯಲ್ಲಿ ಕೊಡೆ ಇಲ್ಲದವರೆಲ್ಲ ಒಂದು ಒಕ್ಕ ಎಂದ ಹಾಗೆ. ಮುಂದಿನವರು ಆ ಬುಟ್ಟಿಯನ್ನು ಸರಿಯಾಗಿಯೇ ಖಾಲಿ ಮಾಡಿದರು. ಏಡಿ, ಸಿಗಡಿ ಬೇರೆ ವರ್ಗವಾಯಿತು, ಜೇಡ–ಚೇಳು ಬೇರೆ ಆಯಿತು. ಕೀಟಗಳಿಗೆ ತೀರ ಹತ್ತಿರದ ನೆಂಟರು ಶತಪದಿ, ಸಹಸ್ರಪದಿ ಎಂದು ಬಹಳ ಕಾಲ ಎಲ್ಲರೂ ನಂಬಿದರು. ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದದ್ದೂ ಅದನ್ನೇ. ಎರಡರಲ್ಲೂ ಒಂದೇ ಜೊತೆ ಮೀಸೆ, ಎರಡೂ ನೆಲದ ಮೇಲೆ ಗಾಳಿಕೊಳವೆಗಳಿಂದ ಉಸಿರಾಡುತ್ತವೆ. ಇಬ್ಬರೂ ಛತ್ರಿ ಹಿಡಿದಿದ್ದಾರೆ, ಹಾಗಾಗಿ ಅಣ್ಣತಮ್ಮ ಎಂದಂತಾಯಿತು ಅದು. ಮಳೆಯಲ್ಲಿ ಬದುಕುವವರೆಲ್ಲ ಛತ್ರಿ ಹಿಡಿಯುತ್ತಾರೆ.

ಜೀನ್‌ಗಳನ್ನು ಹೋಲಿಸಿ ಓದುವ ಕಾಲ ಬಂದಾಗ ನಂಟು ತಿರುಗಿಬಿತ್ತು. 2010ರಲ್ಲಿ ಹಲವು ಡಜನ್ ಸಂಧಿಪದಿಗಳ (ಗೆಣ್ಣುಕಾಲಿನ ಜೀವಿಗಳ) 62 ಜೀನ್‌ಗಳನ್ನು ಹೋಲಿಸಿದ ಅಧ್ಯಯನ, ಅದರ ಹಿಂದುಮುಂದಿನ ಇತರ ಅಧ್ಯಯನಗಳು ಒಂದೇ ಮಾತು ಹೇಳಿದವು. ಷಟ್ಪದಿಗಳು ಹುಟ್ಟಿದ್ದು ಏಡಿ–ಸಿಗಡಿಗಳ ಮನೆತನದ ಒಳಗಿನಿಂದಲೇ. ಏಡಿ ಕೀಟದ ನೆಂಟ, ಶತಪದಿ ದೂರದವನು. ಕಡಲಿನ ಕತ್ತಲ ಗುಹೆಗಳಲ್ಲಿ ಈಜುವ ರೆಮಿಪೀಡ್ ಎಂಬ ಕುರುಡು ಜೀವಿ, ಈಗ ಬಹಳ ಜನ ಒಪ್ಪುವ ಪ್ರಕಾರ, ಕೀಟಗಳಿಗೆ ಅತಿ ಹತ್ತಿರದ ದಾಯಾದಿ. ಲಿನೇಯಸ್ ಏಡಿಯನ್ನು ಕೀಟಗಳ ಒಳಗಿಟ್ಟಿದ್ದ. ಇವತ್ತು ಕೀಟಗಳೇ ಏಡಿಯ ದೊಡ್ಡ ಮನೆಯೊಳಗೆ ಒಂದು ಕೋಣೆ ಪಡೆದಿವೆ. ಅವನು ಸರಿಯಾಗಿದ್ದ ಎಂದಲ್ಲ, ಅವನು ಹಾಗೆ ಇಟ್ಟದ್ದು ರೆಕ್ಕೆ ಇಲ್ಲವೆಂದು. ಆದರೆ ಮಳೆಯಲ್ಲಿ ಗದ್ದೆ ಬದುವಿನ ಮೇಲೆ ಏಡಿಯೂ ಮಿಡತೆಯೂ ಒಟ್ಟಿಗೆ ಕಂಡಾಗ ನನಗೀಗ ದೊಡ್ಡಪ್ಪನ ಮಗನೂ ಚಿಕ್ಕಪ್ಪನ ಮಗನೂ ಎದುರಾದಂತೆ ಕಾಣುತ್ತದೆ.

ಲಿನೇಯಸ್ಸನ ಶಿಷ್ಯ ಫ್ಯಾಬ್ರಿಷಿಯಸ್ ರೆಕ್ಕೆ ಬಿಟ್ಟು ಬಾಯಿ ನೋಡಿ ವಿಂಗಡಿಸಿದ. ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ಡೇನಿಷ್ ನೆಲೆಯಿಂದ ಅವನಿಗೆ ನಮ್ಮ ಕಡೆಯ ಹುಳುಗಳು ಹೋಗುತ್ತಿದ್ದವು. ಕಾಫಿ ಕೊಯ್ಯುವಾಗ ಎಲೆ ಹೆಣೆದ ಗೂಡಿನಿಂದ ಸುರಿದು ಕಚ್ಚುವ ಕೆಂಜಿಗಕ್ಕೂ 1775ರಲ್ಲಿ ಹೆಸರಿಟ್ಟವನು ಅವನೇ. ಬಾಯಿಯ ವಿಂಗಡಣೆ ಇಡಿಯಾಗಿ ನಿಲ್ಲಲಿಲ್ಲ, ಆದರೂ ಬೆಳೆಗಾರನಿಗೆ ಇವತ್ತಿಗೂ ಉಪಯೋಗಕ್ಕೆ ಬರುವುದು ಅದೇ. ಜಗಿಯುವ ಬಾಯಿಯ ಹುಳು ಎಲೆಯ ಮೇಲಿನ ಮದ್ದು ತಿಂದು ಸಾಯುತ್ತದೆ. ಹಸಿರು ಶಲ್ಕಕೀಟ, ಹಿಟ್ಟುತಿಗಣೆ ಸೂಜಿ ಚುಚ್ಚಿ ಒಳಗಿನ ರಸ ಕುಡಿಯುತ್ತವೆ. ಮೇಲಿನದ್ದು ಅವುಗಳ ಬಾಯಿಗೇ ಹೋಗುವುದಿಲ್ಲ.

ವರ್ಗೀಕರಣಕ್ಕೆ ಕಾರಣ ಕೊಟ್ಟದ್ದು ಡಾರ್ವಿನ್: ಹೋಲಿಕೆ ಇರುವುದು ನಂಟು ಇರುವುದರಿಂದ. ಅದಕ್ಕೆ ಕಟ್ಟುನಿಟ್ಟಿನ ಲೆಕ್ಕ ಕೊಟ್ಟದ್ದು ಜರ್ಮನಿಯ ವಿಲ್ಲಿ ಹೆನ್ನಿಗ್, ನೊಣಗಳನ್ನು ಅಭ್ಯಸಿಸುತ್ತಿದ್ದವನು, 1950ರಲ್ಲಿ. ಅವನ ನಿಯಮ ಒಂದೇ ಸಾಲಿನದು. ಗುಂಪು ಎಂದರೆ ಒಬ್ಬ ಪೂರ್ವಜ ಮತ್ತು ಅವನ ಎಲ್ಲ ಸಂತತಿ, ಒಬ್ಬರನ್ನೂ ಬಿಡದೆ. ಒಂದೇ ಕಾರಣವನ, ಅಂದರೆ ಮೂಲಪುರುಷನ, ಸಂತತಿ ಒಂದು ಒಕ್ಕ, ಎಲ್ಲರಿಗೂ ಹಿರಿಯರ ಗುಡಿಯಾದ ಕೈಮಡ ಒಂದೇ. ಆದರೆ ಇಲ್ಲಿ ಹೋಲಿಕೆ ಒಂದು ಕಡೆ ತಪ್ಪುತ್ತದೆ, ಅದನ್ನೂ ಹೇಳಬೇಕು. ಒಕ್ಕದಲ್ಲಿ ತಂದೆಯ ಸಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ, ಮದುವೆಯಾಗಿ ಹೋದ ಮಗಳ ಮಕ್ಕಳು ಬೇರೆ ಒಕ್ಕ. ಹೆನ್ನಿಗನ ಲೆಕ್ಕದಲ್ಲಿ ಹಾಗೆ ಯಾರನ್ನೂ ಬೇರೆ ಮನೆಗೆ ಕಳಿಸುವಂತಿಲ್ಲ.

ಈ ನಿಯಮದಿಂದ ಒಂದು ಇಡೀ ಗಣ ಅಳಿದುಹೋಯಿತು. ಗೆದ್ದಲಿಗೆ ಐಸಾಪ್ಟೆರ ಎಂಬ ಸ್ವಂತ ಗಣವಿತ್ತು. ಇಂಗ್ಲಿಷಿನವರು ಅದನ್ನು ಬಿಳಿ ಇರುವೆ ಎಂದರು. ಇರುವೆಗೂ ಅದಕ್ಕೂ ಯಾವ ನಂಟೂ ಇಲ್ಲ. ಇರುವೆ ಹುಟ್ಟಿದ್ದು ಕಣಜಗಳ ನಡುವಿನಿಂದ. ಗೆದ್ದಲು ಯಾರು? ಉತ್ತರ ಅಮೆರಿಕ ಮತ್ತು ಪೂರ್ವ ಏಷ್ಯಾದ ಕಾಡುಗಳಲ್ಲಿ ಕೊಳೆತ ಮರ ತಿನ್ನುವ ಕ್ರಿಪ್ಟೊಸರ್ಕಸ್ ಎಂಬ ಜಿರಳೆ ಇದೆ. ಮರದೊಳಗೆ ತಂದೆ, ತಾಯಿ, ಮಕ್ಕಳು ಒಂದೇ ಸಂಸಾರವಾಗಿ ಇರುತ್ತಾರೆ. ಮರ ಜೀರ್ಣಿಸುವ ಏಕಕೋಶ ಜೀವಿಗಳು ಅದರ ಕರುಳಿನಲ್ಲಿವೆ. ಅವುಗಳ ನಂಟರೇ ಕೆಲವು ಗೆದ್ದಲುಗಳ ಕರುಳಿನಲ್ಲೂ ಇರುವುದು 1930ರ ದಶಕದಲ್ಲೇ ತಿಳಿದಿತ್ತು. 2007ರಲ್ಲಿ ಜೀನ್‌ಗಳ ಸಾಕ್ಷಿ ಗಟ್ಟಿಯಾಯಿತು: ಗೆದ್ದಲು ಜಿರಳೆಯ ನೆಂಟ ಮಾತ್ರವಲ್ಲ, ಗೆದ್ದಲೇ ಒಂದು ಬಗೆಯ ಜಿರಳೆ. ಗೆದ್ದಲನ್ನು ಹೊರಗಿಟ್ಟರೆ ಜಿರಳೆಯ ಗಣ ಒಬ್ಬ ಮಗನನ್ನು ಬಿಟ್ಟ ಒಕ್ಕವಾಗುತ್ತದೆ. ಈಗ ಎರಡೂ ಬ್ಲಾಟೋಡಿಯ ಎಂಬ ಒಂದೇ ಗಣ.

ನಮ್ಮ ಹುತ್ತ ಕಟ್ಟುವ ಓಡೊಂಟೊಟರ್ಮಿಸ್ ಗೆದ್ದಲು ಆ ಮನೆತನದಲ್ಲಿ ಒಂದು ಹೊಸ ಹೆಜ್ಜೆ ಇಟ್ಟಿದೆ. ಅದು ಕರುಳಿನ ಆ ಜೀವಿಗಳನ್ನು ಕಳೆದುಕೊಂಡು, ಹುತ್ತದೊಳಗೆ ಅಣಬೆಯ ತೋಟ ಮಾಡಿತು. ಮರ, ಎಲೆ ತಂದು ಅಗಿದು ಹೊರಹಾಕಿ ಜೇನುಹಟ್ಟಿಯಂಥ ತೊಟ್ಟಿ ಕಟ್ಟಿ ಅದರ ಮೇಲೆ ಟರ್ಮಿಟೋಮೈಸಿಸ್ ಬೆಳೆಯುತ್ತದೆ. ಮಳೆ ಹಿಡಿದ ಮೇಲೆ ಆ ಅಣಬೆ ನೆಲ ಸೀಳಿ ಹೊರಗೆ ಬರುತ್ತದೆ. ನೀವು ಹೆಕ್ಕಿ ತಂದು ಸಾರು ಮಾಡುವ ಕುಮ್ಮುಗಳಲ್ಲಿ (ಅಣಬೆಗಳಲ್ಲಿ) ಅತಿ ರುಚಿಯದ್ದು ಅದೇ. ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: "ನಮ್ಮ ಹುತ್ತ ಒಡೆದ ಮೇಲೆ ಆ ಜಾಗದಲ್ಲಿ ಕುಮ್ಮು ಏಳಲೇ ಇಲ್ಲ, ಯಾಕೆ?" ಆ ಅಣಬೆ ಗೆದ್ದಲಿನ ಆರೈಕೆ ಇಲ್ಲದೆ ಬದುಕುವುದಿಲ್ಲ. ತೋಟಗಾರ ಹೋದ ಮೇಲೆ ತೋಟ ಎಲ್ಲಿಯದು? ಕುಮ್ಮು ಬೇಕಿದ್ದರೆ ತೋಟದ ಅಂಚಿನ ಹುತ್ತವನ್ನು ಬಿಡಿ.

ಉಳಿದ ಗಣಗಳನ್ನು ಬೇಗ ದಾಟುತ್ತೇನೆ, ಒಟ್ಟು ಮೂವತ್ತರ ಹತ್ತಿರ ಇವೆ. ರೆಕ್ಕೆ ಹುಟ್ಟುವ ಮೊದಲೇ ಕವಲೊಡೆದ ಬೆಳ್ಳಿಹುಳು, ನಿಮ್ಮ ಹಳೆಯ ಪುಸ್ತಕ ತಿನ್ನುತ್ತಿರುವುದು. ರೆಕ್ಕೆ ಬಂದರೂ ಬೆನ್ನ ಮೇಲೆ ಮಡಚಲು ಬಾರದ ಏರೋಪ್ಲೇನ್ ಚಿಟ್ಟೆ, ಅದಕ್ಕೆ ಚಿಟ್ಟೆಯ ನಂಟಿಲ್ಲ. ಸೇನಾವೈದ್ಯ ಫ್ರೇಸರ್ ಕೊಡಗಿನ ಹೊಳೆಗಳ ಬದಿಯಲ್ಲಿ ಅವನ್ನು ಹಿಡಿದು ಅಭ್ಯಸಿಸಿ 1933ರಿಂದ 1936ರವರೆಗೆ ಮೂರು ಸಂಪುಟ ಬರೆದ. ಮಡಚುವ ರೆಕ್ಕೆಯವರಲ್ಲಿ ಮಿಡತೆ, ಜಿರಳೆ, ಕಡ್ಡಿಹುಳು. ಹೀರುವವರಲ್ಲಿ ತಿಗಣೆ, ಸಿಕಾಡ. ಕೊನೆಗೆ, ಮೊಟ್ಟೆ–ಮರಿಹುಳು–ಕೋಶ–ಪ್ರೌಢ ಎಂದು ಪೂರ್ತಿ ರೂಪ ಬದಲಿಸುವ ದೊಡ್ಡ ಮನೆ. ಹೆಸರು ಪಡೆದ ಸುಮಾರು ಹತ್ತು ಲಕ್ಷ ಕೀಟಗಳಲ್ಲಿ ಹೆಚ್ಚಿನವು ಆ ಮನೆಯವೇ: ಗಟ್ಟಿರೆಕ್ಕೆಯವು, ಚಿಟ್ಟೆ–ಪತಂಗ, ನೊಣ–ಸೊಳ್ಳೆ, ಜೇನು–ಕಣಜ–ಇರುವೆ. 2014ರಲ್ಲಿ 1,478 ಜೀನ್‌ಗಳನ್ನು ಹೋಲಿಸಿದ ಒಂದು ದೊಡ್ಡ ಕೆಲಸದ ಪ್ರಕಾರ ಕೀಟಗಳು ಹುಟ್ಟಿ ಸುಮಾರು 48 ಕೋಟಿ ವರ್ಷ, ಹಾರಲು ಕಲಿತು ಸುಮಾರು 40 ಕೋಟಿ.

ಜೇನಿನ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದದ್ದು ಇಲ್ಲಿರುವ ಹಿರಿಯರಿಗೆ ನೆನಪಿದೆ. ಅದೇ ಕುಲದ ಯುರೋಪಿನ ಜೇನಿಗೆ ಆ ರೋಗ ಹಾಗೆ ಬಡಿಯಲಿಲ್ಲ. ಹೆಸರಿನ ಎರಡನೆಯ ಪದದ ತೂಕ ಅಲ್ಲಿ ಕಾಣುತ್ತದೆ. ಇನ್ನು ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹೂಮಳೆ ಬಿದ್ದು ಬೆಟ್ಟವೆಲ್ಲ ಒಂದೇ ವಾರ ಬೆಳ್ಳಗಾದಾಗ ಗಿಡದಿಂದ ಗಿಡಕ್ಕೆ ಪರಾಗ ಒಯ್ಯುವುದರಲ್ಲಿ ಮುಂದಿರುವುದು, ಕಾಡಿನ ದೊಡ್ಡ ಮರಗಳಲ್ಲಿ ಹಟ್ಟಿ ಕಟ್ಟಿದ ಹೆಜ್ಜೇನು. ಯಾರೂ ಸಾಕದ, ಯಾರೂ ಪೆಟ್ಟಿಗೆಗೆ ಹಾಕಲಾಗದ ಜೇನು. ದೇವರಕಾಡಿನ ಒಂದು ಮರ ಉರುಳಿದರೆ ನಷ್ಟ ಮರದ್ದು ಮಾತ್ರವಲ್ಲ.

ಕೊನೆಗೆ ಒಬ್ಬ ಕಾಲೇಜು ವಿದ್ಯಾರ್ಥಿನಿ ಕೇಳಿದಳು: "ಗಣಗಳು ಹೀಗೆ ಸೇರಿ ಒಡೆದು ಬದಲಾಗುತ್ತಲೇ ಇದ್ದರೆ ಇದನ್ನು ನಂಬುವುದು ಹೇಗೆ?" ನಾನು ಹೇಳಿದ್ದು ಇಷ್ಟು. ಗೆದ್ದಲು, ಜಿರಳೆ ಮೊದಲಿನಂತೆಯೇ ಇವೆ. ತಿದ್ದಿದ್ದು ನಮ್ಮ ವಂಶವೃಕ್ಷದ ಒಂದು ಗೆರೆ. ವಂಶದಿಂದ ಬಂದ ಜಮ್ಮಾ ಜಮೀನಿನ ದಾಖಲೆಯಲ್ಲಿ ತಪ್ಪು ಸಿಕ್ಕಿದರೆ ತಿದ್ದುತ್ತೇವೆ, ದಾಖಲೆಯನ್ನೇ ಹರಿದು ಹಾಕುವುದಿಲ್ಲ. 2002ರಲ್ಲಿ ಕೀಟಗಳಿಗೆ ಒಂದು ಹೊಸ ಗಣವೇ ಸೇರಿತು, ಮ್ಯಾಂಟೊಫ್ಯಾಸ್ಮಟೋಡಿಯ. 1914ರ ಮೇಲೆ ಅಂಥದ್ದು ಆಗಿರಲೇ ಇಲ್ಲ. ಆಫ್ರಿಕಾದಿಂದ ತಂದಿದ್ದ ಅದರ ಮಾದರಿಗಳು ಯುರೋಪಿನ ಮ್ಯೂಸಿಯಮ್ಮುಗಳ ಪೆಟ್ಟಿಗೆಯಲ್ಲಿ ದಶಕಗಳ ಕಾಲ ಗುರುತಿಲ್ಲದೆ ಕೂತಿದ್ದವು. ಒಬ್ಬರು ತೆಗೆದು ನೋಡಿ, ಇದು ನಮ್ಮ ಯಾವ ಮನೆಯದೂ ಅಲ್ಲವಲ್ಲ ಎಂದು ಕೇಳಿದ ಮೇಲೆ ನಮೀಬಿಯಾದ ಬೆಟ್ಟದಲ್ಲಿ ಜೀವಂತವಾಗಿಯೂ ಸಿಕ್ಕಿತು.

ಇಷ್ಟಾದ ಮೇಲೆ ಬಾಟಲಿ ಬಿಚ್ಚಿದೆವು. ಬಿಳಿ ತಟ್ಟೆಗೆ ಸುರಿದು ಎರಡು ಭೂತಗನ್ನಡಿಯಲ್ಲಿ ಸರದಿಯ ಮೇಲೆ ನೋಡಿದರು. ಎಂಟು ಕಾಲಿನ ಸಣ್ಣ ನುಸಿಗಳು ಬಹಳ, ಚಿಮ್ಮುಬಾಲಗಳು ಅದಕ್ಕೂ ಹೆಚ್ಚು. ಕೆಲವು ಉದ್ದ, ಕೆಲವು ಸಾಸಿವೆಯಂತೆ ಗುಂಡು. ಮೂರು ಇರುವೆ, ಒಂದು ಶತಪದಿ ಮರಿ, ಒಂದು ಗಟ್ಟಿರೆಕ್ಕೆಯ ಹುಳುವಿನ ಮರಿ. ಬೆಂಕಿಪೆಟ್ಟಿಗೆಯ ಹುಡುಗ ತಟ್ಟೆ ಬಿಟ್ಟು ಏಳಲಿಲ್ಲ. ಕುರ್ಚಿಗಳನ್ನು ಜೋಡಿಸಿ ಮುಗಿಯುವ ಹೊತ್ತಿಗೆ ಕರೆದ: "ಸಾರ್, ಇದಕ್ಕೆ ಕಣ್ಣಿಲ್ಲ, ಹಿಂದೆ ಎರಡು ಬಾಲ ಇದೆ." ಬಗ್ಗಿ ನೋಡಿದೆ. ಡೈಪ್ಲುರ. ಪ್ರೊಟ್ಯುರ ಆ ದಿನ ಸಿಗಲಿಲ್ಲ. ಉಳಿದ ಕೊಳೆತ ಎಲೆಯನ್ನು ಅವನೇ ಒಂದು ಚೀಲಕ್ಕೆ ತುಂಬಿಕೊಂಡು ಹೋದ, ಮನೆಯಲ್ಲಿ ಆಲಿಕೆ ಇದೆಯಂತೆ.